ಫ್ಯಾನಿನ ವಿಮಾನ

ಗುರುತು ಸಿಗದಂತೆ ಮನೆಯ ವಿವರಗಳನ್ನು ಬದಲಾಯಿಸಿದ್ದೇನೆ. ಹೆಸರೂ ಬೇಡ, 'ಹುಡುಗ' ಎಂದೇ ಕರೆಯುತ್ತೇನೆ.

ಕುರ್ಚಿಯಲ್ಲಿ ಕೂರುವ ಮೊದಲೇ ಅವನು ಕೇಳಿದ್ದು, "ಮೇಡಂ, ಇಲ್ಲಿಗೆ ಬಂದದ್ದು ಗೊತ್ತಾದ್ರೆ ನನ್ನ ಮೆಡಿಕಲ್‌ಗೆ ತೊಂದರೆ ಆಗುತ್ತಾ?" ಪೈಲಟ್‌ಗಳು ನನ್ನಂಥ ಆಪ್ತಸಮಾಲೋಚಕರ ಬಾಗಿಲು ತಟ್ಟುವುದೇ ಅಪರೂಪ. ವಿಮಾನ ಓಡಿಸಲು ಬೇಕಾದ ಆರೋಗ್ಯ ಪ್ರಮಾಣಪತ್ರ, ಅಂದರೆ ಕ್ಲಾಸ್ 1 ಮೆಡಿಕಲ್, ಕೈಬಿಟ್ಟರೆ ಕೆಲಸವೂ ಹೋಯಿತು ಎಂಬ ಹೆದರಿಕೆ. ನಾನಾಗಿ ಕಂಪನಿಗೆ ಏನೂ ಹೇಳಲು ಹೋಗುವುದಿಲ್ಲ, ಆದರೆ ಮೆಡಿಕಲ್ ಫಾರಂನಲ್ಲಿ ಕೇಳಿದ್ದಕ್ಕೆ ನೀವು ನಿಜವನ್ನೇ ಬರೆಯಬೇಕು ಎಂದೆ. ನಿದ್ದೆ ಬರುತ್ತಿಲ್ಲವೆಂದು ಅಂಗಡಿಯಿಂದ ಮಾತ್ರೆ ತಂದು ನುಂಗಬೇಡಿ, ಏವಿಯೇಷನ್ ಡಾಕ್ಟರನ್ನು ಕೇಳದೆ ಒಂದೂ ಬೇಡ ಎಂದೂ ಸೇರಿಸಿದೆ.

ಹುಡುಗ ಮಲೆನಾಡಿನವನು. ಅಪ್ಪ ಅಡಿಕೆ ತೋಟ ಅಡವಿಟ್ಟು ಓದಿಸಿದ್ದಾರೆ. ಏಳು ತಿಂಗಳಿಂದ ಎಟಿಆರ್ 72 ಎಂಬ ಪ್ರೊಪೆಲ್ಲರ್ ವಿಮಾನದಲ್ಲಿ ಕೋ-ಪೈಲಟ್. ಒಂದು ಮದುವೆಮನೆಯಲ್ಲಿ ಸೋದರಮಾವ ಎಲ್ಲರೆದುರು ಕೇಳಿದರಂತೆ: "ಫ್ಯಾನ್ ಇರೋ ವಿಮಾನ ಅಂತೆ? ನಿಜವಾದ್ದು ಯಾವಾಗ ಓಡಿಸ್ತೀಯಪ್ಪ?" ಜೊತೆಗೆ ಕಲಿತ ಇಬ್ಬರು ಏರ್‌ಬಸ್ ಎ320 ಜೆಟ್‌ನಲ್ಲಿದ್ದಾರೆ. ಅಂದಿನಿಂದ ನಿದ್ದೆ ಕೆಟ್ಟಿದೆ. ರಾಜೀನಾಮೆ ಕೊಟ್ಟು, ಇನ್ನೂ 20 ಲಕ್ಷ ಸಾಲ ಮಾಡಿ, ಸ್ವಂತ ಖರ್ಚಿನಲ್ಲಿ ಎ320 ಟೈಪ್ ರೇಟಿಂಗ್ (ಆ ಮಾದರಿಯನ್ನು ಓಡಿಸುವ ಅರ್ಹತೆಯ ತರಬೇತಿ) ಮಾಡುವ ಯೋಚನೆ. ಅದಾದ ಮೇಲೆ ಕೆಲಸ ಯಾರು ಕೊಡುತ್ತಾರೆ? ಅದಕ್ಕೆ ಉತ್ತರ ಇರಲಿಲ್ಲ.

ನಿಜ ಹೇಳಬೇಕೆಂದರೆ ನನಗೂ ಪ್ರೊಪೆಲ್ಲರ್ ಎಂದರೆ ಹಳೇ ಕಾಲದ್ದು ಎಂಬ ಭಾವನೆಯೇ ಇತ್ತು. ಹಾಗಾಗಿ ಸುಮ್ನೆ ಕೇಳಿದೆ, ನಿಮ್ಮ ವಿಮಾನದಲ್ಲಿ ಏನಿದೆ ಹೇಳಿ. ಹುಡುಗ ನೆಟ್ಟಗೆ ಕೂತ. ಒಳಗಿರುವುದು ಜೆಟ್‌ನಂಥ ಟರ್ಬೈನ್ ಎಂಜಿನ್ನೇ, ಅದರ ಶಕ್ತಿ ಪ್ರೊಪೆಲ್ಲರನ್ನು ತಿರುಗಿಸುತ್ತದೆ ಅಷ್ಟೆ. ನೆಲದಲ್ಲಿ ಕರೆಂಟಿಗೆ ಎಪಿಯು ಎಂಬ ಪುಟ್ಟ ಎಂಜಿನ್ ಬೇರೆ ಇಲ್ಲ. ಬಲಗಡೆಯ ಪ್ರೊಪೆಲ್ಲರ್‌ಗೆ ಬ್ರೇಕ್ ಹಾಕಿ ಎಂಜಿನ್ ಮಾತ್ರ ಓಡಿಸುತ್ತಾರಂತೆ, ಅದಕ್ಕೆ 'ಹೋಟೆಲ್ ಮೋಡ್' ಎಂದು ಹೆಸರು. ಆಟೋಥ್ರಾಟಲ್ ಇಲ್ಲ, ವೇಗವನ್ನು ಕೈಯಲ್ಲೇ ನೋಡಿಕೊಳ್ಳಬೇಕು. ಪವರ್ ಬದಲಿಸಿದಾಗ ಮೂತಿ ಪಕ್ಕಕ್ಕೆ ಎಳೆಯುತ್ತದೆ, ಮೂತಿ ನೇರ ಇಡುವ ರಡ್ಡರ್ ಪೆಡಲ್ ಮೇಲೆ ಕಾಲು ಎಚ್ಚರವಾಗಿರಬೇಕು. ಮೋಡ, ಮಳೆ, ಮಂಜುಗಡ್ಡೆ ಇರುವ ಎತ್ತರದಲ್ಲೇ ಜಾಸ್ತಿ ಹಾರಾಟ. ಹದಿನೈದು ನಿಮಿಷ ಮಾತಾಡಿದ. ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದವನು ಇವನೇನಾ ಅನ್ನಿಸಿತು.

ಎರಡನೇ ಸಲ, ಹಾರಿದ ಗಂಟೆ ಬರೆದಿಡುವ ಲಾಗ್‌ಬುಕ್ ತನ್ನಿ ಎಂದೆ. ಒಟ್ಟು 640 ಗಂಟೆ, ಅದರಲ್ಲಿ ಎಟಿಆರ್‌ದು 430. ಕ್ಯಾಪ್ಟನ್ ಆಗಲು ಬೇಕಾದ ಎಟಿಪಿಎಲ್ ಲೈಸೆನ್ಸ್‌ಗೆ 1500 ಗಂಟೆ. ತಿಂಗಳಿಗೆ 60ರಂತೆ ಲೆಕ್ಕ ಹಾಕಿದರೆ ಇನ್ನು ಸುಮಾರು ಹದಿನಾಲ್ಕು ತಿಂಗಳ ಮಾತು. ಅವನು ಈ ಲೆಕ್ಕವನ್ನು ಕಾಗದದ ಮೇಲೆ ಮಾಡಿಯೇ ಇರಲಿಲ್ಲ! ಇನ್ನೊಂದನ್ನೂ ಬರೆಸಿದೆ. ವಿಮಾನಯಾನದ ನಿಯಂತ್ರಕ ಸಂಸ್ಥೆ ಡಿಜಿಸಿಎಯ 2017ರ ನಿಯಮದ ಪ್ರಕಾರ ಕೋ-ಪೈಲಟ್‌ಗೆ ಆರು ತಿಂಗಳ ನೋಟಿಸ್. ಇವತ್ತು ರಾಜೀನಾಮೆ ಕೊಟ್ಟರೂ ಅರ್ಧ ವರ್ಷ ಇದೇ ವಿಮಾನ ತಾನೇ? ಆಮೇಲೆ ಗಂಟೆಗಳೂ ಇಲ್ಲ, ಸಂಬಳವೂ ಇಲ್ಲ, ಎರಡು ಸಾಲದ ಕಂತು.

ನಾನು ವಿಮಾನದ ತಜ್ಞೆ ಅಲ್ಲ, ಹಾಗಾಗಿ ಕೊಟ್ಟ ಸಲಹೆ ಇಷ್ಟೇ. 1500 ಆಗುವವರೆಗೆ ರಾಜೀನಾಮೆಯ ಮಾತು ಬೇಡ. ಎಟಿಪಿಎಲ್‌ಗೆ ಒಟ್ಟು ಗಂಟೆಯೊಂದೇ ಸಾಲದು, ಪೈಲಟ್-ಇನ್-ಕಮಾಂಡ್ (ವಿಮಾನದ ಹೊಣೆ ಹೊತ್ತು ಹಾರಿದ್ದು), ರಾತ್ರಿ, ಇನ್‌ಸ್ಟ್ರುಮೆಂಟ್ (ಉಪಕರಣ ನೋಡಿಯೇ ಹಾರಿದ್ದು) ಎಂದು ಬೇರೆ ಬೇರೆ ಲೆಕ್ಕ ಇದೆ. ಯಾವ ಕಾಲಂ ಹಿಂದೆ ಬಿದ್ದಿದೆ ಎಂದು ಪ್ರತಿ ತಿಂಗಳು ನೋಡಿ, ಸೀನಿಯರ್ ಕ್ಯಾಪ್ಟನ್ ಒಬ್ಬರಿಗೆ ತೋರಿಸಿ. ಬರೆಯಬೇಕಿರುವ ಪರೀಕ್ಷೆಗಳನ್ನು ಈಗಲೇ ಬರೆದು ಮುಗಿಸಿ. ಕಂಪನಿಗೆ ಬರೆದುಕೊಟ್ಟ ಬಾಂಡ್ ಕಾಗದವನ್ನು ವಕೀಲರೊಬ್ಬರಿಂದ ಓದಿಸಿ. ಎಟಿಆರ್ ಗಂಟೆಗಳು ಒಟ್ಟು ಲೆಕ್ಕಕ್ಕೆ ಸೇರುತ್ತವೆ, ಆದರೆ ಜೆಟ್ ಕಂಪನಿಯೊಂದು 'ಇದೇ ಮಾದರಿಯಲ್ಲಿ ಇಷ್ಟು ಗಂಟೆ' ಎಂದು ಕೇಳಿದರೆ ಅಲ್ಲಿ ಅವು ನಡೆಯುವುದಿಲ್ಲ. ಈ ಮಾತನ್ನು ಮುಚ್ಚಿಟ್ಟು ಸಮಾಧಾನ ಹೇಳುವುದು ನನಗೆ ಸರಿ ಕಾಣಲಿಲ್ಲ. ಅಲ್ಲಿ ಎಟಿಆರ್ ಕ್ಯಾಪ್ಟನ್ ಆಗಿದ್ದ ಅನುಭವಕ್ಕೆ ಬೇರೆ ತೂಕ ಇರುತ್ತದೆಯೇ ಎಂದು ಆ ದಾರಿ ದಾಟಿದವರನ್ನೇ ಕೇಳಿ ಎಂದೆ.

ಉಳಿದದ್ದು ಸೋದರಮಾವ. ಅದಕ್ಕೆ ಒಂದೇ ಹೋಂವರ್ಕ್ ಕೊಟ್ಟೆ: ಸಾಲದ ಪೂರ್ತಿ ಲೆಕ್ಕ, ಈ ಹದಿನಾಲ್ಕು ತಿಂಗಳ ಲೆಕ್ಕ, ಎರಡನ್ನೂ ಅಪ್ಪನ ಮುಂದೆ ಇಡಿ. ಮಾವನಿಗೆ ವಿವರಿಸಲು ಹೋಗಬೇಡಿ. ಅಪ್ಪ ಕಾಗದ ನೋಡಿ ಹೇಳಿದರಂತೆ, "ನಮ್ ಶಿವಮೊಗ್ಗಕ್ಕೆ 2023ರಲ್ಲಿ ಮೊದಲು ಬಂದ ಪ್ಯಾಸೆಂಜರ್ ವಿಮಾನಾನೂ ಫ್ಯಾನಿಂದೇ ಅಲ್ವೇನೋ. ನೋಡೋಕೆ ನಿನ್ನ ಮಾವನೇ ಮೊದಲು ಓಡಿದ್ದ."

ನಾಲ್ಕು ತಿಂಗಳ ಮೇಲೆ ಹುಡುಗ ಫೋನ್ ಮಾಡಿದ. ಬೆಳಗಿನ ಜಾವದ ಡ್ಯೂಟಿ ಇದ್ದ ದಿನ ಇನ್ನೂ ನಿದ್ದೆ ಸರಿ ಬರುವುದಿಲ್ಲವಂತೆ. ಎ320ರ ಆಸೆ ಹಾಗೇ ಇದೆ. ಲಾಗ್‌ಬುಕ್‌ನಲ್ಲಿ 880 ಆಗಿದೆ.