ಹೆಂಡತಿ ತೈವಾನ್‌ಗೆ ದುಡಿಯಲು ಹೋದ ವಿಯೆಟ್ನಾಂ ಮನೆಯನ್ನು ಅಧ್ಯಯನ ಮಾಡುವುದು ಹೇಗೆ?

ಸಂಬಳ ಬಿಟ್ಟು ಸಾಲದಿಂದ ಶುರು ಮಾಡಿ. ಕೆಂಪು ನದಿ ಬಯಲಿನ ಹಿಂದಿನ ಥಾಯ್ ಬಿನ್ ಪ್ರಾಂತ್ಯದಂಥ ಕಡೆ ಹೊರಡುವ ಖರ್ಚಿಗೆ ಬ್ಯಾಂಕಿನಲ್ಲೋ ನೆಂಟರ ಬಳಿಯೋ ಸಾಲ ಮಾಡುತ್ತಾರೆ. ‘ಕೆಂಪು ಪುಸ್ತಕ’, ಅಂದರೆ ಜಮೀನಿನ ಹಕ್ಕುಪತ್ರ, ಅಡಮಾನಕ್ಕೆ ಹೋಗುವುದೂ ಉಂಟು. 2022ರ ಜನವರಿಯಲ್ಲಿ ಜಾರಿಗೆ ಬಂದ ಕಾನೂನು ಕಾರ್ಮಿಕರಿಂದ ದಲ್ಲಾಳಿ ಹಣ ಪಡೆಯುವುದನ್ನು ನಿಷೇಧಿಸಿದೆ. ಹಾಗಾಗಿ ‘ದಲ್ಲಾಳಿಗೆ ಎಷ್ಟು ಕೊಟ್ಟಿರಿ’ ಎಂದರೆ ಬಾಯಿ ಬಿಡುವುದು ಕಷ್ಟ. ‘ಹೊರಡುವ ಮುಂಚೆ ಒಟ್ಟು ಎಷ್ಟಾಯಿತು, ಯಾರ್ಯಾರ ಕೈಗೆ ಹೋಯಿತು’ ಎಂದು ಕೇಳಿ.

ಗಂಡನಿಗೆ ‘ಮನೆಗೆಲಸ ಮಾಡ್ತೀರಾ’ ಎಂದರೆ ‘ಹೂಂ’ ಅಂದಾನು, ಅಷ್ಟೇ. ನಿನ್ನೆ ಅನ್ನ ಬೇಯಿಸಿದ್ದು ಯಾರು, ಮಗುವನ್ನು ಶಾಲೆಗೆ ಬಿಟ್ಟಿದ್ದು ಯಾರು ಎಂದು ಗಂಟೆಗಂಟೆಯ ಲೆಕ್ಕ ಬರೆದುಕೊಳ್ಳಿ; ಅಜ್ಜಿಯ ದುಡಿಮೆ ಆಗ ಕಾಣುತ್ತದೆ.

ಇನ್ನು ಭಾಷೆ. ವಿಯೆಟ್ನಾಮಿಯಲ್ಲಿ ‘ನಾನು, ನೀನು’ ಬದಲು ಬಹುಪಾಲು ಸಂಬಂಧದ ಪದಗಳೇ. ಹಿರಿಯಳನ್ನು ‘ಚಿ’, ಅಂದರೆ ಅಕ್ಕ, ಎಂದ ಕ್ಷಣ ನೀವು ‘ಎಮ್’: ತಂಗಿ ಅಥವಾ ತಮ್ಮ. ತಮ್ಮನಿಗೆ ಹೇಳದ್ದನ್ನು ತಂಗಿಗೆ ಹೇಳಬಹುದು.

ದುಡಿಯಲು ಹೋದ ಹೆಂಡತಿಯನ್ನೂ ಮಾತಾಡಿಸಿ. ತೈವಾನ್‌ನಲ್ಲಿ ಮನೆಯಲ್ಲೇ ಇದ್ದು ವೃದ್ಧರನ್ನು ನೋಡಿಕೊಳ್ಳುವವರಿಗೆ ಅಲ್ಲಿನ ಕಾರ್ಮಿಕ ಮಾನದಂಡ ಕಾಯ್ದೆ ಅನ್ವಯಿಸದು, ವಾರದ ರಜೆಯೂ ಖಾತ್ರಿಯಿಲ್ಲ. ಒಂದು ಗಂಟೆಯ ಸಂದರ್ಶನಕ್ಕೆ ಕಾಯಬೇಡಿ. ಹತ್ತು ನಿಮಿಷದ ಕರೆಗಳನ್ನು ಹಲವು ರಾತ್ರಿ ಮಾಡಿ.