ಲೆಸ್ಟರ್‌ನ ಎರಡು ಲೆಕ್ಕ

ನಮಸ್ಕಾರ,

ನಿಮ್ಮ ಪತ್ರ ತಲುಪಿತು. ಬಾಡಿಗೆ ಮನೆ, ಬಸ್ ಪಾಸು, ಸೋನಾ ಮಸೂರಿ ಸಿಗುವ ಅಂಗಡಿ ಇವುಗಳ ಬಗ್ಗೆ ಫೋನಿನಲ್ಲಿ ಮಾತನಾಡೋಣ. ಪತ್ರದ ಕೊನೆಯಲ್ಲಿ ನೀವು ಕೇಳಿರುವ ಪ್ರಶ್ನೆಗೆ ಮಾತ್ರ ಬರಹದಲ್ಲಿಯೇ ಉತ್ತರಿಸಬೇಕೆನಿಸಿತು. ನೀವು ಕೆಲಸಕ್ಕೆ ಸೇರಿರುವ ಆಸ್ಪತ್ರೆಯಲ್ಲಿ 2020ರ ಲಾಕ್‌ಡೌನ್ ಮಾತು ಬಂದಾಗಲೆಲ್ಲ, ಸರ್ಕಾರ ಕೊರೋನಾ ಲೆಕ್ಕವನ್ನು ಉಬ್ಬಿಸಿ ಇಂಗ್ಲೆಂಡಿನ ಲೆಸ್ಟರ್ ನಗರವನ್ನು ಅನ್ಯಾಯವಾಗಿ ಮುಚ್ಚಿತು ಎಂದು ಒಬ್ಬರೂ, ಇಲ್ಲ, ಲೆಕ್ಕವನ್ನು ಮುಚ್ಚಿಟ್ಟು ಊರನ್ನು ಅಪಾಯಕ್ಕೆ ದೂಡಿತು ಎಂದು ಇನ್ನೊಬ್ಬರೂ ವಾದಿಸುತ್ತಾರೆಂದು ಬರೆದಿದ್ದೀರಿ. ಈ ದೇಶದಲ್ಲಿ ಬಾಳಲು ಬಂದವರು ಸರ್ಕಾರದ ಅಂಕಿಗಳನ್ನು ನಂಬಬೇಕೇ, ಬೇಡವೇ ಎಂಬುದು ನಿಮ್ಮ ಪ್ರಶ್ನೆ.

ಸರ್ಕಾರದ ಅಂಕಿ ಎಂಬ ಒಂದೇ ವಸ್ತು ಇಲ್ಲಿ ಇಲ್ಲ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಮಂತ್ರಿಗಳು ಟಿವಿಯಲ್ಲಿ ಹೇಳುವ ಅಂಕಿ ಒಂದು. ಚಿಕ್ಕದಾಗಿ ಒಎನ್‌ಎಸ್ ಎಂದು ಎಲ್ಲರೂ ಕರೆಯುವ ಆಫೀಸ್ ಫಾರ್ ನ್ಯಾಷನಲ್ ಸ್ಟ್ಯಾಟಿಸ್ಟಿಕ್ಸ್ ಎಂಬ ರಾಷ್ಟ್ರೀಯ ಅಂಕಿಅಂಶ ಕಚೇರಿ ಹೊರತರುವ ಅಂಕಿ ಇನ್ನೊಂದು. ಇವೆಲ್ಲವನ್ನೂ ಪರಿಶೀಲಿಸಿ, ತಪ್ಪಿದ್ದರೆ ಮಂತ್ರಿಗೇ ಬಹಿರಂಗ ಪತ್ರ ಬರೆಯುವ ಯುಕೆ ಸ್ಟ್ಯಾಟಿಸ್ಟಿಕ್ಸ್ ಅಥಾರಿಟಿ ಎಂಬ ಪ್ರಾಧಿಕಾರ ಮತ್ತೊಂದು. ನಾನು ನಂಬಿರುವುದು ಇವರಲ್ಲಿ ಯಾರೋ ಒಬ್ಬರನ್ನಲ್ಲ, ಒಬ್ಬರ ಲೆಕ್ಕವನ್ನು ಇನ್ನೊಬ್ಬರು ಎಲ್ಲರೆದುರಿಗೆ ಪ್ರಶ್ನಿಸಬಹುದಾದ ಈ ಏರ್ಪಾಡನ್ನು. ಆ ಏರ್ಪಾಡು ಎಲ್ಲಿ ಕೆಲಸ ಮಾಡಿತು, ಎಲ್ಲಿ ಸೋತಿತು ಎಂಬುದಕ್ಕೆ ನಮ್ಮ ಊರಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಆಗ ಪರೀಕ್ಷೆಗಳು ಎರಡು ದಾರಿಯಲ್ಲಿ ನಡೆಯುತ್ತಿದ್ದವು. ಆಸ್ಪತ್ರೆಯ ರೋಗಿಗಳು ಮತ್ತು ಆರೋಗ್ಯ ಸಿಬ್ಬಂದಿಯ ಗಂಟಲು ದ್ರವದ ಮಾದರಿಗಳು ಎನ್‌ಎಚ್‌ಎಸ್ ಎಂಬ ಸರ್ಕಾರಿ ಆರೋಗ್ಯ ಸೇವೆ ಮತ್ತು ಸಾರ್ವಜನಿಕ ಆರೋಗ್ಯ ಇಲಾಖೆಯ ಪ್ರಯೋಗಾಲಯಗಳಿಗೆ ಹೋಗುತ್ತಿದ್ದವು. ಇದನ್ನು ಪಿಲ್ಲರ್ ಒಂದು ಎನ್ನುತ್ತಿದ್ದರು. ಕಾರಿನಲ್ಲಿ ಬಂದು ಪರೀಕ್ಷೆ ಮಾಡಿಸಿಕೊಂಡವರ ಮತ್ತು ಮನೆಗೆ ಅಂಚೆಯಲ್ಲಿ ಕಿಟ್ ತರಿಸಿಕೊಂಡ ಸಾಮಾನ್ಯ ಜನರ ಮಾದರಿಗಳು ಹೊಸದಾಗಿ ತೆರೆದ ದೊಡ್ಡ ಪ್ರಯೋಗಾಲಯಗಳಿಗೆ ಹೋಗುತ್ತಿದ್ದವು. ಅದು ಪಿಲ್ಲರ್ ಎರಡು. ಊರೂರಿನ ಲೆಕ್ಕವೆಂದು ಪ್ರತಿದಿನ ಪ್ರಕಟವಾಗುತ್ತಿದ್ದುದು ಮೊದಲನೆಯದು ಮಾತ್ರ. 2020ರ ಜೂನ್ 13ರಿಂದ 26ರವರೆಗಿನ ಎರಡು ವಾರಗಳಲ್ಲಿ ಆ ಪ್ರಕಟಿತ ಲೆಕ್ಕದ ಪ್ರಕಾರ ಲೆಸ್ಟರ್‌ನಲ್ಲಿ ಪತ್ತೆಯಾದ ಸೋಂಕಿನ ಪ್ರಕರಣಗಳು 80. ಎರಡೂ ದಾರಿಗಳನ್ನು ಕೂಡಿಸಿದಾಗ 944. ಜೂನ್ 29ರ ರಾತ್ರಿ ಆರೋಗ್ಯ ಮಂತ್ರಿ ಮ್ಯಾಟ್ ಹ್ಯಾನ್‌ಕಾಕ್ ಸಂಸತ್ತಿನಲ್ಲಿ ಎದ್ದು ನಿಂತು, ಲೆಸ್ಟರ್‌ನಲ್ಲಿ ಒಂದು ವಾರಕ್ಕೆ ಲಕ್ಷಕ್ಕೆ 135ರಂತೆ ಸೋಂಕು ಕಾಣಿಸಿಕೊಂಡಿದೆ, ಇದು ಎರಡನೆಯ ಸ್ಥಾನದಲ್ಲಿರುವ ನಗರದ ಮೂರು ಪಟ್ಟು, ಆದ್ದರಿಂದ ನಾಳೆಯಿಂದ ಅಗತ್ಯವಲ್ಲದ ವಸ್ತುಗಳ ಅಂಗಡಿಗಳು ಮತ್ತೆ ಮುಚ್ಚಬೇಕು ಎಂದು ಘೋಷಿಸಿದಾಗ, ಅದುವರೆಗೆ ಪ್ರಕಟಿತ ಅಂಕಿಗಳನ್ನೇ ನೋಡುತ್ತಿದ್ದ ನಮಗೆ ಆಕಾಶವೇ ಕಳಚಿ ಬಿದ್ದಂತಾಯಿತು. ಪರೀಕ್ಷೆಗೊಳಗಾದವರು ಯಾವ ಬೀದಿಯವರು ಎಂದು ತಿಳಿಯಲು ಬೇಕಾದ ಪೋಸ್ಟ್‌ಕೋಡ್ ಸಹಿತ ಮಾಹಿತಿ ಸಿಟಿ ಕೌನ್ಸಿಲಿಗೆ ಬಂದದ್ದೇ ಜೂನ್ ಕೊನೆಯ ವಾರದಲ್ಲಿ. ಮೇಯರ್ ಪೀಟರ್ ಸೋಲ್ಸ್‌ಬಿ ಈ ವಿಳಂಬದ ಬಗ್ಗೆ ಬಹಿರಂಗವಾಗಿಯೇ ಸಿಡಿದಿದ್ದರು.

ಹಾಗಾಗಿ ನಿಮ್ಮ ಇಬ್ಬರು ಸಹೋದ್ಯೋಗಿಗಳೂ ಅರ್ಧರ್ಧ ಸರಿ. ಅಂಕಿಯನ್ನು ಯಾರೂ ಹುಟ್ಟಿಸಿರಲಿಲ್ಲ. 944 ಮಂದಿಯೂ ನಿಜವಾದ ಜನರೇ. ಲೆಕ್ಕ ಕೇಂದ್ರದಲ್ಲಿ ಇತ್ತು, ಆದರೆ ಅದನ್ನು ಬಳಸಿಕೊಂಡು ಮನೆಮನೆಗೆ ಹೋಗಬೇಕಾಗಿದ್ದ ಸ್ಥಳೀಯ ಆರೋಗ್ಯಾಧಿಕಾರಿಗಳ ಕೈಗೆ ಸಮಯಕ್ಕೆ ಸಿಗಲಿಲ್ಲ. ಸುಳ್ಳಾದರೆ ಹೇಳಿದವರನ್ನು ಹಿಡಿದು ಕೇಳಬಹುದು. ಎರಡು ಪಟ್ಟಿಗಳನ್ನು ಯಾರೂ ಕೂಡಿಸದೆ ಇದ್ದುದಕ್ಕೆ ಯಾರನ್ನು ಹಿಡಿಯುವುದು? ಆಮೇಲೆ ಜುಲೈ 2ರಿಂದ ಎರಡೂ ದಾರಿಗಳ ಲೆಕ್ಕವನ್ನು ಕೂಡಿಸಿ ಪ್ರಕಟಿಸತೊಡಗಿದರು. ಕೂಡಿಸುವಾಗ, ಒಬ್ಬರೇ ಎರಡೂ ಕಡೆ ಪರೀಕ್ಷೆಗೊಳಗಾಗಿ ಎರಡು ಸಲ ಎಣಿಕೆಯಾಗಿದ್ದುದೂ ಬೆಳಕಿಗೆ ಬಂದು, ದೇಶದ ಒಟ್ಟು ಪ್ರಕರಣಗಳಿಂದ 30,302ನ್ನು ಒಂದೇ ದಿನ ಕಳೆದರು. ಅಂಕಿ ಇಳಿದರೆ ಮುಚ್ಚಿಟ್ಟರೆಂದೂ ಏರಿದರೆ ಉಬ್ಬಿಸಿದರೆಂದೂ ಹೇಳುವವರಿಗೆ ಆ ಒಂದು ವಾರದಲ್ಲಿ ಎರಡಕ್ಕೂ ಸಾಮಗ್ರಿ ಸಿಕ್ಕಿತು.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಪರೀಕ್ಷೆ ಹೆಚ್ಚಾದಂತೆ ಪ್ರಕರಣಗಳೂ ಹೆಚ್ಚು ಸಿಗುತ್ತವೆ. ಲೆಸ್ಟರ್‌ನ ಪರಿಸ್ಥಿತಿಯನ್ನು ಪರಿಶೀಲಿಸಿದ ಪಬ್ಲಿಕ್ ಹೆಲ್ತ್ ಇಂಗ್ಲೆಂಡ್ ಸಂಸ್ಥೆಯ ವರದಿಯೇ, ಹೊಸ ಪ್ರಕರಣಗಳ ಏರಿಕೆಯಲ್ಲಿ ಒಂದು ಭಾಗ ಪರೀಕ್ಷಾ ಸೌಲಭ್ಯ ಹೆಚ್ಚಿದ್ದರಿಂದ ಆಗಿರಬಹುದು ಎಂದು ಬರೆದಿತ್ತು. ಆದರೆ ಇಷ್ಟು ಎಚ್ಚರಿಕೆಯ ಮಾತು ವರದಿಯ ಒಳಪುಟದಲ್ಲಿ ಉಳಿದು, ಹೊರಗೆ ಓಡಾಡಿದ್ದು ಬೇರೆಯೇ ಮಾತು: ಬಟ್ಟೆ ಹೊಲಿಯುವ ಕಾರ್ಖಾನೆಗಳು, ಮೂರು ತಲೆಮಾರು ಒಟ್ಟಿಗಿರುವ ಮನೆಗಳು, ಇಂಗ್ಲಿಷ್ ಬಾರದ ಅಜ್ಜಿಯರು, ಒಟ್ಟಿನಲ್ಲಿ ನಮ್ಮಂಥವರು. ಜುಲೈ 4ರಂದು ಇಂಗ್ಲೆಂಡಿನ ಉಳಿದೆಡೆ ಪಬ್ಬು, ಹೋಟೆಲುಗಳು ತೆರೆದಾಗ ಬೆಲ್‌ಗ್ರೇವ್ ರಸ್ತೆಯ ಸೀರೆ ಮತ್ತು ಚಿನ್ನದ ಅಂಗಡಿಗಳ ಬಾಗಿಲು ಎಳೆದೇ ಇತ್ತು. ಬಟ್ಟೆ ಕಾರ್ಖಾನೆಗಳ ಕೂಲಿ ಮತ್ತು ಕೆಲಸದ ಸ್ಥಿತಿ ಚರ್ಚೆಗೆ ಬಂದದ್ದು ಒಳ್ಳೆಯದೇ ಆಯಿತು, ಅದು ಬೇರೆ ಮಾತು. ಬೀದಿವಾರು ಲೆಕ್ಕ ಮೊದಲೇ ಸಿಕ್ಕಿದ್ದರೆ ಇಡೀ ಸಮುದಾಯದ ಮೇಲೆ ಬೆರಳು ತೋರಿಸುವುದು ಅಷ್ಟು ಸಲೀಸಾಗುತ್ತಿರಲಿಲ್ಲ ಎಂದೇ ನನ್ನ ಅಭಿಪ್ರಾಯ.

ಸಾವಿನ ಲೆಕ್ಕದ ಜಗಳ ಇದಕ್ಕಿಂತ ದೊಡ್ಡದು, ಮತ್ತು ನರ್ಸ್ ಆಗಿರುವ ನಿಮಗೆ ಬೇಗ ಅರ್ಥವಾಗುವಂಥದ್ದು. 2020ರ ಏಪ್ರಿಲ್ ಕೊನೆಯವರೆಗೆ ದಿನದ ಲೆಕ್ಕದಲ್ಲಿ ಇಂಗ್ಲೆಂಡಿನ ಆಸ್ಪತ್ರೆಯ ಸಾವುಗಳೇ ಇದ್ದವು. ವೃದ್ಧರ ಆರೈಕೆಯ ಕೇರ್ ಹೋಮ್‌ಗಳಲ್ಲಿ ಮತ್ತು ಮನೆಗಳಲ್ಲಿ ಸತ್ತವರನ್ನು ಏಪ್ರಿಲ್ 29ರಂದು ಸೇರಿಸಿದಾಗ 3,811 ಸಾವುಗಳು ಒಟ್ಟಿಗೆ ಪಟ್ಟಿಗೆ ಬಂದವು. ಜುಲೈನಲ್ಲಿ ಇದಕ್ಕೆ ವಿರುದ್ಧವಾದ ದೋಷ ಹೊರಬಿತ್ತು. ಇಂಗ್ಲೆಂಡಿನಲ್ಲಿ ಒಮ್ಮೆ ಪಾಸಿಟಿವ್ ಬಂದವರು ಯಾವಾಗ, ಯಾವ ಕಾರಣದಿಂದ ಸತ್ತರೂ ಅದು ಕೋವಿಡ್ ಸಾವೆಂದೇ ಎಣಿಕೆಯಾಗುತ್ತಿದೆ ಎಂದು ಯೂನ್ ಲೋಕ್ ಮತ್ತು ಕಾರ್ಲ್ ಹೆನೆಗನ್ ಎಂಬ ಇಬ್ಬರು ಪ್ರಾಧ್ಯಾಪಕರು ತೋರಿಸಿಕೊಟ್ಟರು. ಮಾರ್ಚ್‌ನಲ್ಲಿ ಸೋಂಕು ತಗುಲಿ, ಗುಣವಾಗಿ ಮನೆಗೆ ಹೋಗಿ, ಜುಲೈನಲ್ಲಿ ಬಸ್ಸಿಗೆ ಸಿಕ್ಕಿ ಸತ್ತವರೂ ಆ ಪಟ್ಟಿಯಲ್ಲಿ ಇರುತ್ತಿದ್ದರು. ಸ್ಕಾಟ್ಲೆಂಡಿನಲ್ಲಿ ಆಗಲೇ 28 ದಿನಗಳ ಮಿತಿ ಇತ್ತು. ಸರ್ಕಾರ ದಿನದ ಪ್ರಕಟಣೆಯನ್ನು ತಡೆಹಿಡಿದು ಪರಿಶೀಲಿಸಿ, ಆಗಸ್ಟ್ 12ರಂದು ಪಾಸಿಟಿವ್ ಬಂದ 28 ದಿನಗಳೊಳಗಿನ ಸಾವನ್ನು ಮಾತ್ರ ಎಣಿಸುವ ಕ್ರಮಕ್ಕೆ ಬದಲಾಯಿಸಿತು; ದೇಶದ ಒಟ್ಟು ಸಾವಿನ ಸಂಖ್ಯೆ 46,706ರಿಂದ 41,329ಕ್ಕೆ ಇಳಿಯಿತು.

ಒಂದೇ ದಿನ ಐದು ಸಾವಿರಕ್ಕೂ ಹೆಚ್ಚು ಸಾವುಗಳು ಪಟ್ಟಿಯಿಂದ ಮಾಯವಾದರೆ ಸಂಶಯ ಹುಟ್ಟುವುದು ಸಹಜ. ಆದರೆ ಅದೇ ಹೊತ್ತಿನಲ್ಲಿ ಒಎನ್‌ಎಸ್ ಬೇರೆ ದಾರಿಯಲ್ಲಿ ಎಣಿಸುತ್ತಿತ್ತು. ಅದಕ್ಕೆ ಪರೀಕ್ಷೆಯ ಫಲಿತಾಂಶ ಬೇಕಿರಲಿಲ್ಲ. ವೈದ್ಯರು ಮರಣ ಪ್ರಮಾಣಪತ್ರದಲ್ಲಿ ಕೋವಿಡ್ ಎಂದು ಬರೆದಿದ್ದಾರೆಯೇ ಎಂಬುದಷ್ಟೇ ಮುಖ್ಯವಾಗಿತ್ತು. ಪರೀಕ್ಷೆಯೇ ಸಿಗದ ಮೊದಲ ತಿಂಗಳುಗಳಲ್ಲಿ ಸತ್ತವರೂ, 28 ದಿನ ದಾಟಿ ವೆಂಟಿಲೇಟರ್ ಮೇಲೆ ಉಳಿದು ಸತ್ತವರೂ ಆ ಲೆಕ್ಕದಲ್ಲಿ ಬರುತ್ತಿದ್ದರಿಂದ ಅದು ಮಂತ್ರಿಗಳ ಅಂಕಿಗಿಂತ ಹೆಚ್ಚೇ ಇರುತ್ತಿತ್ತು, ಮತ್ತು ವಾರ ತಪ್ಪದೆ ಪ್ರಕಟವಾಗುತ್ತಿತ್ತು. ಪ್ರಮಾಣಪತ್ರದಲ್ಲಿ ಕೋವಿಡ್ ನಮೂದಾದ ಸಾವುಗಳು 2023ರ ಕೊನೆಯ ಹೊತ್ತಿಗೆ ಯುಕೆಯಲ್ಲಿ 2,35,000ವನ್ನು ಮೀರಿದ್ದವು. ಯುಕೆಯ ಕೋವಿಡ್ ಸಾರ್ವಜನಿಕ ವಿಚಾರಣೆಯ ವರದಿಯಲ್ಲಿ ಬಂದಿರುವುದೂ ಇದೇ ಲೆಕ್ಕ. ಹಿಂದಿನ ವರ್ಷಗಳ ಸರಾಸರಿಗಿಂತ ಎಷ್ಟು ಹೆಚ್ಚು ಜನ ಸತ್ತರು ಎಂದು ನೋಡುವ ಹೆಚ್ಚುವರಿ ಸಾವಿನ ಲೆಕ್ಕ ಮೂರನೆಯದು. ಮೂರೂ ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ. ಬೇಗ ಬೇಕಾದರೆ ಮೊದಲನೆಯದು, ಸರಿಯಾಗಿ ಬೇಕಾದರೆ ಎರಡನೆಯದು, ಯಾರೂ ಅಡಗಿಸಲಾಗದ್ದು ಬೇಕಾದರೆ ಮೂರನೆಯದು.

ಪರೀಕ್ಷೆಗಳ ಸಂಖ್ಯೆಯ ವಿಷಯದಲ್ಲಿ ಮಾತ್ರ ನಾನು ಸರ್ಕಾರದ ಪರವಾಗಿ ಒಂದು ಮಾತನ್ನೂ ಆಡಲಾರೆ. ಏಪ್ರಿಲ್ ಕೊನೆಯೊಳಗೆ ದಿನಕ್ಕೆ ಒಂದು ಲಕ್ಷ ಪರೀಕ್ಷೆ ಎಂದು ಮಂತ್ರಿಗಳು ಮಾತು ಕೊಟ್ಟಿದ್ದರು. ಕೊನೆಯ ದಿನ 1,22,347 ಆಯಿತೆಂದು ಹೇಳಿಕೊಂಡರು. ಅದರಲ್ಲಿ ಸುಮಾರು 40,000 ಅಂಚೆಗೆ ಹಾಕಿದ ಕಿಟ್‌ಗಳು. ಮೂಗಿನೊಳಗೆ ಇನ್ನೂ ಹೋಗದಿದ್ದ ಕಡ್ಡಿಯೂ ಪರೀಕ್ಷೆಯೆಂದು ಎಣಿಕೆಯಾಯಿತು. ಯುಕೆ ಸ್ಟ್ಯಾಟಿಸ್ಟಿಕ್ಸ್ ಅಥಾರಿಟಿಯ ಆಗಿನ ಅಧ್ಯಕ್ಷ ಡೇವಿಡ್ ನಾರ್‌ಗ್ರೋವ್ ಜೂನ್ 2ರಂದು ಮಂತ್ರಿಗೆ ಬರೆದ ಪತ್ರದಲ್ಲಿ, ಜನರಿಗೆ ಅರ್ಥವಾಗುವುದಕ್ಕಿಂತ ಸಾಧ್ಯವಾದಷ್ಟು ದೊಡ್ಡ ಸಂಖ್ಯೆ ತೋರಿಸುವುದೇ ಉದ್ದೇಶವಾದಂತಿದೆ ಎಂಬ ಅರ್ಥದ ಮಾತನ್ನು ನೇರವಾಗಿಯೇ ಬರೆದರು. ಆ ಪತ್ರವನ್ನು ಅಂದೇ ಯಾರು ಬೇಕಾದರೂ ಓದಬಹುದಿತ್ತು. ನಾನು ಹೇಳಿದ ಏರ್ಪಾಡು ಎಂದರೆ ಇದು.

2020ರ ಅಕ್ಟೋಬರಿನಲ್ಲಿ ಹೊರಬಿದ್ದ ಇನ್ನೊಂದು ಪ್ರಮಾದದಲ್ಲಿ ದುರುದ್ದೇಶವೇನೂ ಇರಲಿಲ್ಲ. ಪ್ರಯೋಗಾಲಯಗಳಿಂದ ಬಂದ ಫಲಿತಾಂಶಗಳನ್ನು ಹಳೆಯ ಮಾದರಿಯ ಎಕ್ಸೆಲ್ ಕಡತಕ್ಕೆ ತುಂಬುತ್ತಿದ್ದರು. ಅದರಲ್ಲಿ 65,536 ಸಾಲುಗಳಿಗಿಂತ ಹೆಚ್ಚು ಹಿಡಿಸುವುದಿಲ್ಲ. ಮಿಕ್ಕವು ಸದ್ದಿಲ್ಲದೆ ಬಿದ್ದುಹೋಗಿ, ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗಿನ 15,841 ಪ್ರಕರಣಗಳು ದಿನದ ಲೆಕ್ಕಕ್ಕೆ ಬರಲಿಲ್ಲ. ಪಾಸಿಟಿವ್ ಬಂದವರಿಗೆ ಫಲಿತಾಂಶವೇನೋ ತಲುಪಿತ್ತು, ಆದರೆ ಅವರ ಸಂಪರ್ಕಕ್ಕೆ ಬಂದವರನ್ನು ಹುಡುಕುವ ಕೆಲಸ ಅಷ್ಟು ದಿನ ತಡವಾಯಿತು.

ಇಷ್ಟೆಲ್ಲದರ ನಡುವೆ ನಾನು ಕಣ್ಣು ಮುಚ್ಚಿ ನಂಬುತ್ತಿದ್ದ ಅಂಕಿ ಒಂದೇ: ಒಎನ್‌ಎಸ್ ನಡೆಸುತ್ತಿದ್ದ ಸೋಂಕಿನ ಸಮೀಕ್ಷೆ. ಯಾರಿಗೆ ಕೆಮ್ಮು ಬಂದಿದೆ, ಯಾರು ಪರೀಕ್ಷೆಗೆ ಬಂದರು ಎಂದು ಕಾಯದೆ, ಮನೆಗಳನ್ನು ಲಾಟರಿ ಎತ್ತಿದಂತೆ ಆರಿಸಿ, ಬಾಗಿಲಿಗೇ ಬಂದು ಮಾದರಿ ತೆಗೆದುಕೊಳ್ಳುತ್ತಿದ್ದರು. ಮೊದಲ ಭೇಟಿಗೆ 50 ಪೌಂಡ್, ಆಮೇಲಿನ ಪ್ರತಿ ಭೇಟಿಗೆ 25 ಪೌಂಡ್ ವೋಚರ್ ಕೊಡುತ್ತಿದ್ದರು. ಸೋಂಕಿತರು ಪ್ರತಿ ನೂರಕ್ಕೆ ಎಷ್ಟು ಎಂದು ಅಂದಾಜು ಮಾಡಿ, ಅದರ ಜೊತೆಗೆ ಅನಿಶ್ಚಿತತೆಯ ವ್ಯಾಪ್ತಿಯನ್ನೂ ಹೇಳುತ್ತಿದ್ದರು. 2022ರ ಏಪ್ರಿಲ್ 1ರಿಂದ ಇಂಗ್ಲೆಂಡಿನಲ್ಲಿ ಬಹುತೇಕರಿಗೆ ಉಚಿತ ಪರೀಕ್ಷೆ ನಿಂತ ಮೇಲೆ ದಿನದ ಪ್ರಕರಣಗಳ ಸಂಖ್ಯೆಗೆ ಅರ್ಥವೇ ಉಳಿಯಲಿಲ್ಲ, ಆದರೆ ಸಮೀಕ್ಷೆ 2023ರ ಮಾರ್ಚ್‌ವರೆಗೆ ನಡೆಯಿತು.

ನಮ್ಮ ಕಡೆ ಇದಕ್ಕಿಂತ ಚೆನ್ನಾಗಿತ್ತು ಎಂದು ನಿಮ್ಮ ತಂದೆಯವರು ಹೇಳುತ್ತಾರೆಂದು ಬರೆದಿದ್ದೀರಿ. ಮೊದಲ ತಿಂಗಳುಗಳ ಮಟ್ಟಿಗೆ ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ರೋಗಿಗಳಿಗೆ ಪಿ-ಸಂಖ್ಯೆ ಕೊಟ್ಟು, ಯಾರಿಂದ ಯಾರಿಗೆ ಸೋಂಕು ಬಂತು ಎಂದು ಜಿಲ್ಲಾವಾರು ತಿಳಿಸುತ್ತಿದ್ದ ಕರ್ನಾಟಕದ ಬುಲೆಟಿನ್ ನಿಮಗೆ ನೆನಪಿರಬಹುದು. 2020ರ ಜುಲೈನಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಭಾರತದ ರಾಜ್ಯಗಳ ಕೋವಿಡ್ ಮಾಹಿತಿ ಪ್ರಕಟಣೆಯನ್ನು ಅಳೆದಾಗ ಕರ್ನಾಟಕಕ್ಕೇ ಮೊದಲ ಸ್ಥಾನ ಬಂದಿತ್ತು. ಆದರೆ ಪ್ರಕಟಣೆಯ ಅಚ್ಚುಕಟ್ಟು ಬೇರೆ, ಸಾವಿನ ಎಣಿಕೆಯ ಪೂರ್ಣತೆ ಬೇರೆ. 2021ರ ಕೊನೆಯವರೆಗೆ ಇಡೀ ಭಾರತದ ಅಧಿಕೃತ ಸಂಖ್ಯೆ 4.8 ಲಕ್ಷದಷ್ಟಿದ್ದರೆ ವಿಶ್ವ ಆರೋಗ್ಯ ಸಂಸ್ಥೆ 2022ರ ಮೇ ತಿಂಗಳಲ್ಲಿ ಹೆಚ್ಚುವರಿ ಸಾವುಗಳನ್ನು ಸುಮಾರು 47 ಲಕ್ಷವೆಂದು ಅಂದಾಜಿಸಿತು, ಭಾರತ ಸರ್ಕಾರ ಆ ಲೆಕ್ಕದ ವಿಧಾನವನ್ನೇ ಆಕ್ಷೇಪಿಸಿತು. ಪಾಸಿಟಿವ್ ಬಂದ 30 ದಿನಗಳೊಳಗಿನ ಸಾವಿಗೆ ಮಾನ್ಯತೆ ಎಂಬ ನಿಯಮವೂ, ಕುಟುಂಬಕ್ಕೆ 50,000 ರೂಪಾಯಿ ಪರಿಹಾರವೂ ಸುಪ್ರೀಂ ಕೋರ್ಟ್ ಮಧ್ಯೆ ಬಂದ ಮೇಲೆ 2021ರ ಸೆಪ್ಟೆಂಬರಿನಲ್ಲಿ ರೂಪುಗೊಂಡವು. ಅಲ್ಲಿ ಪ್ರಮಾಣಪತ್ರದ ಒಂದು ಸಾಲಿಗಾಗಿ ಮನೆಯವರು ಕಚೇರಿಗೆ ಅಲೆಯಬೇಕಾಯಿತು. ಸಾವಿನ ನೋಂದಣಿ ಬಹುಮಟ್ಟಿಗೆ ಪೂರ್ಣವಾಗಿರುವ ಈ ದೇಶದಲ್ಲಿ ಹೆಚ್ಚುವರಿ ಸಾವನ್ನು ಎಣಿಸುವುದು ಸುಲಭ, ಅದನ್ನು ಒಂದು ದೊಡ್ಡ ಗುಣವೆಂದು ಹೊಗಳಿಕೊಳ್ಳಬೇಕಿಲ್ಲ.

ಕೊನೆಯದಾಗಿ ನಿಮಗೇ ಸಂಬಂಧಿಸಿದ ಒಂದು ವಿಷಯ. ಇಂಗ್ಲೆಂಡಿನ ಮರಣ ಪ್ರಮಾಣಪತ್ರದಲ್ಲಿ ಸತ್ತವರ ಜನಾಂಗ ಯಾವುದೆಂದು ಆಗ ಬರೆಯುತ್ತಿರಲಿಲ್ಲ. ಭಾರತೀಯ, ಪಾಕಿಸ್ತಾನಿ, ಬಾಂಗ್ಲಾದೇಶಿ ಮತ್ತು ಕಪ್ಪು ಜನರಲ್ಲಿ ಸಾವಿನ ಅಪಾಯ ಹೆಚ್ಚಿದೆ ಎಂದು 2020ರ ಮೇ ತಿಂಗಳಲ್ಲಿ ಒಎನ್‌ಎಸ್ ತೋರಿಸಿದ್ದು ಸಾವಿನ ದಾಖಲೆಗಳನ್ನು 2011ರ ಜನಗಣತಿಯ ಜೊತೆ ಹೊಂದಿಸಿ. ಆ ಗಣತಿಯಲ್ಲಿ ಇಲ್ಲದವರು, ಅಂದರೆ ಅನಂತರ ಬಂದವರು, ಆ ಅಧ್ಯಯನದಲ್ಲಿ ಸೇರಲಿಲ್ಲ. ಇದರ ಇನ್ನೊಂದು ಮಗ್ಗುಲು 2021ರ ಶರತ್ಕಾಲದಲ್ಲಿ ಕಂಡಿತು. ಲಸಿಕೆ ಹಾಕಿಸಿಕೊಂಡವರಲ್ಲೇ ಸೋಂಕಿನ ದರ ಹೆಚ್ಚೆಂಬಂತೆ ಕಾಣುವ ಕೋಷ್ಟಕಗಳನ್ನು ಆರೋಗ್ಯ ಸಂಸ್ಥೆ ಪ್ರಕಟಿಸಿ ಟೀಕೆಗೆ ಗುರಿಯಾಯಿತು. ಲಸಿಕೆ ಪಡೆಯದವರ ಸಂಖ್ಯೆಗೆ ಅವರು ಆಧಾರವಾಗಿಟ್ಟುಕೊಂಡದ್ದು ಜಿಪಿ, ಅಂದರೆ ಮನೆ ಹತ್ತಿರದ ವೈದ್ಯರ ಬಳಿಯ ನೋಂದಣಿಯಿಂದ ಬಂದ ಪಟ್ಟಿಯನ್ನು, ಊರು ಬಿಟ್ಟವರ, ದೇಶ ಬಿಟ್ಟವರ ಹೆಸರುಗಳು ಅದರಲ್ಲಿ ಉಳಿದೇ ಇದ್ದವು. ಭಾಗಿಸುವ ಸಂಖ್ಯೆ ದೊಡ್ಡದಾದರೆ ದರ ತಾನಾಗಿಯೇ ಚಿಕ್ಕದಾಗುತ್ತದೆ.

ಆದ್ದರಿಂದ ಈ ವಾರವೇ ಜಿಪಿಯಲ್ಲಿ ನೋಂದಾಯಿಸಿಕೊಳ್ಳಿ, ಜನಾಂಗದ ಕಾಲಂ ಖಾಲಿ ಬಿಡಬೇಡಿ, ಈಗಿರುವ ತಾತ್ಕಾಲಿಕ ಮನೆಯನ್ನು ಬಿಟ್ಟು ಪಕ್ಕದ ಓಡ್‌ಬಿ ಪಟ್ಟಣದ ಕಡೆ ಹೋದರೆ ಅಲ್ಲಿಯ ವಿಳಾಸವನ್ನು ಜಿಪಿಗೆ ತಿಳಿಸಿ. ನೋಂದಣಿಗೆ ದುಡ್ಡು ಕೊಡಬೇಕಾಗಿಲ್ಲ. ವಿಳಾಸದ ದಾಖಲೆ ಇಲ್ಲವೆಂಬ ಒಂದೇ ಕಾರಣಕ್ಕೆ ನಿಮ್ಮನ್ನು ಹಿಂದಕ್ಕೆ ಕಳಿಸುವಂತಿಲ್ಲ; ಹಾಗೆ ಕಳಿಸಿದರೆ ನನಗೆ ಫೋನ್ ಮಾಡಿ, ಜೊತೆಗೆ ಬರುತ್ತೇನೆ.