ಕಲಬುರಗಿ ಕನ್ನಡ ಕಟ್ಟಿಕೊಂಡು ಅಮೆರಿಕಕ್ಕೆ ಹೊರಟವಳಿಗೆ

ತಂಗಿ, ಊರಿನವಳು, ವಯಸ್ಸಿನಲ್ಲಿ ಚಿಕ್ಕವಳು ಎಂಬ ಸಲುಗೆಯಿಂದ ಏಕವಚನದಲ್ಲಿಯೇ ಬರೆಯುತ್ತೇನೆ. ನೀನು ಕೇಳಿದ್ದು ಇಷ್ಟು: ಆಗಸ್ಟ್‌ನಲ್ಲಿ ಓದಲು ಹೋಗುವ ಅಮೆರಿಕದ ವಿಶ್ವವಿದ್ಯಾಲಯದವರು, ಅಲ್ಲಿ ಕನ್ನಡ ಕಲಿಯುತ್ತಿರುವ ಮೂವರಿಗೆ ಸಂಭಾಷಣೆಯ ಜೊತೆಗಾರಳಾಗುತ್ತೀಯಾ ಎಂದು ಕೇಳಿದ್ದಾರೆ. ನಿನಗೆ ಪಾಠ ಮಾಡಿ ಗೊತ್ತಿಲ್ಲ. ಅದಕ್ಕಿಂತ ಹೆಚ್ಚಾಗಿ, ‘ನನ್ನದು ಕಲಬುರಗಿ ಕನ್ನಡ, ನಗುತ್ತಾರೇನೋ’ ಎಂಬ ಅಳುಕು. ನಾನು ಅಲ್ಲಿ ಓದುವಾಗ ಎರಡು ವರ್ಷ ಇದೇ ಕೆಲಸ ಮಾಡಿದ್ದೇನೆ. ಒಪ್ಪಿಕೊ.

ಅಲ್ಲಿ ಸ್ಪ್ಯಾನಿಷ್, ಫ್ರೆಂಚ್ ಕಲಿಯಲು ನೂರಾರು ಜನ ಬರುತ್ತಾರೆ. ಕನ್ನಡ, ತೆಲುಗು, ಸ್ವಾಹಿಲಿಯಂತಹವಕ್ಕೆ ಇಬ್ಬರೋ ಮೂವರೋ. ಅಷ್ಟು ಜನರಿಗಾಗಿ ಪ್ರಾಧ್ಯಾಪಕರನ್ನು ನೇಮಿಸಲು ಎಲ್ಲ ಕಡೆ ಆಗುವುದಿಲ್ಲ. ಅದಕ್ಕೆ ಒಂದು ಏರ್ಪಾಟು ಮಾಡಿಕೊಂಡಿದ್ದಾರೆ. ಮ್ಯಾಸಚೂಸೆಟ್ಸ್‌ನಲ್ಲಿ ಐದು ವಿದ್ಯಾಸಂಸ್ಥೆಗಳು ಸೇರಿಕೊಂಡು ನಡೆಸುವ ಭಾಷಾ ಕೇಂದ್ರವೂ ಇದೇ ಬಗೆಯದು. ವಿದ್ಯಾರ್ಥಿ ವಾರವಿಡೀ ಪುಸ್ತಕ, ಧ್ವನಿಮುದ್ರಿಕೆ ಇಟ್ಟುಕೊಂಡು ತಾನೇ ಓದಿಕೊಳ್ಳುತ್ತಾನೆ. ವಾರದ ಗೊತ್ತಾದ ಹೊತ್ತಿಗೆ ಆ ಭಾಷೆ ಆಡುವವರೊಬ್ಬರ ಎದುರು ಕುಳಿತು ಓದಿದ್ದನ್ನು ಬಾಯಿಗೆ ತರುತ್ತಾನೆ. ಅವಧಿಯ ಕೊನೆಯಲ್ಲಿ ಹೊರಗಿನ ಪರೀಕ್ಷಕರು ಬಂದು ಅಂಕ ಕೊಡುತ್ತಾರೆ. ಅಂಕ ನಿನ್ನ ಕೈಯಲ್ಲಿ ಇಲ್ಲದಿರುವುದೇ ಒಳ್ಳೆಯದು. ನಿನ್ನೆದುರು ತಪ್ಪು ಮಾತನಾಡಲು ಅವರು ಹೆದರುವುದಿಲ್ಲ.

ಹಾಗಾಗಿ ನಿನ್ನ ಕೆಲಸ ಪಾಠ ಹೇಳುವುದಲ್ಲ, ಅವರ ಬಾಯಿ ಬಿಡಿಸುವುದು. ಇದು ನನಗೆ ಅವಮಾನವಾದ ಮೇಲೆ ತಿಳಿಯಿತು. ಮೊದಲ ದಿನ ಐವತ್ತು ನಿಮಿಷದ ಭೇಟಿಯಲ್ಲಿ ಶರಣಬಸವೇಶ್ವರರ ಜಾತ್ರೆ, ಬಂದೇನವಾಜರ ಉರುಸು, ತೊಗರಿಯ ದರ ಎಲ್ಲವನ್ನೂ ಬಣ್ಣಿಸಿದೆ. ಬಹಳ ಚೆನ್ನಾಗಿ ನಡೆಯಿತು ಎಂದುಕೊಂಡೆ. ಹಿಂದೆ ಕುಳಿತಿದ್ದ ಮೇಲ್ವಿಚಾರಕಿ ಹೋಗುವಾಗ ಒಂದು ಚೀಟಿ ಕೊಟ್ಟರು: ‘ನೀವು 41 ನಿಮಿಷ, ಅವರಿಬ್ಬರೂ ಸೇರಿ 9 ನಿಮಿಷ.’ ಅಂದಿನಿಂದ ಮೇಜಿನ ಮೇಲೆ ಗಡಿಯಾರ ಇಟ್ಟುಕೊಂಡು ಕುಳಿತೆ.

ಪ್ರಶ್ನೆ ಕೇಳಿದ ಮೇಲೆ ಸುಮ್ಮನಿರುವುದು ನಮ್ಮ ಊರಿನವರಿಗೆ ಇನ್ನೂ ಕಷ್ಟ. ಯೋಚಿಸಿ ನೋಡು: ಕಲಬುರಗಿಯ ಅಂಗಡಿಯಲ್ಲಿ ಹೊರಗಿನವರು ಕನ್ನಡ ತಡವರಿಸಿದ ಕೂಡಲೇ ನಾವು ಏನು ಮಾಡುತ್ತೇವೆ? ಪಾಪ, ಕಷ್ಟಪಡುತ್ತಿದ್ದಾರೆ ಎಂದು ಹಿಂದಿಗೆ ಹೊರಳುತ್ತೇವೆ. ಉರ್ದು, ಮರಾಠಿ, ತೆಲುಗು ಎಲ್ಲ ಕಿವಿಗೆ ಬಿದ್ದು ಬೆಳೆದ ಊರಿನ ಉಪಕಾರ ಬುದ್ಧಿ ಅದು. ಕಲಿಯುವವನ ಪಾಲಿಗೆ ಮಾತ್ರ ಅದು ಅಪಕಾರ. ಅಲ್ಲಿ ನಿನ್ನ ನಾಲಿಗೆ ಇಂಗ್ಲಿಷಿಗೆ ಹೊರಳಲು ಹವಣಿಸುತ್ತದೆ, ತಡೆ. ಮನಸ್ಸಿನಲ್ಲಿ ಹತ್ತರವರೆಗೆ ಎಣಿಸು. ಏಳಕ್ಕೋ ಎಂಟಕ್ಕೋ ಅವರಿಂದ ಒಂದು ಮಾತು ಬರುತ್ತದೆ.

ತಪ್ಪು ತಿದ್ದುವುದು ಹೇಗೆ ಎಂದಿದ್ದೆ. ನನ್ನ ಬಳಿ ಬರುತ್ತಿದ್ದ ಒಬ್ಬರು, ‘ರಾತ್ರಿ ಮಗಳಿಗೆ ಕತ್ತೆ ಹೇಳುತ್ತೇನೆ’ ಎಂದರು. ನಗು ತಡೆದುಕೊಂಡು, ‘ಹೌದೇ? ಯಾವ ಕತೆ ಹೇಳುತ್ತೀರಿ?’ ಎಂದೆ. ಮುಂದಿನ ವಾಕ್ಯದಲ್ಲಿ ಕತ್ತೆ ಹೋಗಿ ಕತೆ ಬಂತು. ಬಳೆ–ಬಾಳೆ, ಹಲ್ಲು–ಹಾಲು, ‘ನನಗೆ ಚಹಾ ಬೇಕು’ ಎನ್ನುವಲ್ಲಿ ‘ನಾನು ಚಹಾ ಬೇಕು’, ಇವೆಲ್ಲ ದಿನವೂ ಬರುತ್ತವೆ. ಸರಿಯಾದ ರೂಪವನ್ನು ನಿನ್ನ ಮಾತಿನೊಳಗೇ ಸೇರಿಸಿ ಮರಳಿ ಕೊಡು. ಮಾತು ನಿಲ್ಲಿಸಿ ತಿದ್ದುವುದು ಅರ್ಥವೇ ಕೆಟ್ಟಾಗ ಮಾತ್ರ. ‘ಹಸಿವಾಗಿದೆ ಎನ್ನುವಾಗ ನನಗೆ ಏಕೆ, ನಾನು ಏಕೆ ಅಲ್ಲ’ ಎಂದು ಕೇಳಿದರೆ, ಗೊತ್ತಿಲ್ಲದ ವ್ಯಾಕರಣ ಕಟ್ಟಿ ಹೇಳಬೇಡ. ಬರೆದಿಟ್ಟುಕೊಂಡು ಮೇಲ್ವಿಚಾರಕರನ್ನು ಕೇಳು.

ಇನ್ನು ನಿನ್ನ ಅಳುಕಿನ ಮಾತು. ಅವರ ಪುಸ್ತಕದಲ್ಲಿ ‘ಇದೆ’ ಎಂದಿರುತ್ತದೆ, ನಿನ್ನ ಬಾಯಲ್ಲಿ ‘ಅದ’ ಬರುತ್ತದೆ. ಮೊದಲ ಎರಡು ಮೂರು ತಿಂಗಳು ಪುಸ್ತಕದ ರೂಪಕ್ಕೇ ಅಂಟಿಕೊ. ಹೊಸಬರಿಗೆ ಎರಡೂ ಒಟ್ಟಿಗೆ ಬಂದರೆ ತಲೆ ಕೆಡುತ್ತದೆ. ಆದರೆ ಬೆಂಗಳೂರಿನ ಧಾಟಿಯನ್ನು ನಟಿಸಲು ಹೋಗಬೇಡ, ಅದು ಕೇಳಲು ಕೃತಕ. ಅವರಿಗೆ ಸ್ವಲ್ಪ ರೂಢಿಯಾದ ಮೇಲೆ ವಾರಕ್ಕೊಂದರಂತೆ ನಮ್ಮ ಮಾತುಗಳನ್ನು ಹೊರತೆಗೆ: ಅದ, ಬರ್ರಿ, ಜಳಕ. ನನ್ನ ಗುಂಪಿನಲ್ಲಿ ಅಲ್ಲಿಯೇ ಹುಟ್ಟಿ ಬೆಳೆದ ಹುಡುಗಿಯೊಬ್ಬಳಿದ್ದಳು, ಅಜ್ಜಿಯದು ಬೀದರ್ ಕಡೆಯ ಊರು. ನಾನು ‘ಅದ’ ಎಂದ ದಿನ ಅವಳು ಪೆನ್ನು ಕೆಳಗಿಟ್ಟು, ‘ಅಜ್ಜಿ ತಪ್ಪು ಮಾತನಾಡುತ್ತಾಳೆ ಎಂದೇ ಇಷ್ಟು ದಿನ ತಿಳಿದಿದ್ದೆ’ ಎಂದಳು. ಪುಸ್ತಕದ ಕನ್ನಡವಷ್ಟೇ ಬಲ್ಲ ಜೊತೆಗಾರನಿಂದ ಅವಳಿಗೆ ಆ ಅರಿವನ್ನು ಕೊಡಲಾಗುತ್ತಿರಲಿಲ್ಲ.

ಇಂತಹ ಮನೆಮಾತಿನ ಮಕ್ಕಳಲ್ಲಿ ಇನ್ನೊಂದು ವಿಶೇಷವಿದೆ. ತಂದೆತಾಯಿ ತಮ್ಮನ್ನು ಕರೆದದ್ದನ್ನಷ್ಟೇ ಕೇಳಿ ಬೆಳೆದಿರುತ್ತಾರೆ. ಹೀಗಾಗಿ ಹಿರಿಯರಿಗೂ ‘ಬಾ, ಕೂತ್ಕೋ’ ಎಂದುಬಿಡುತ್ತಾರೆ. ನೀನು, ನೀವು ಎರಡನ್ನೂ ಆಡಿಸುವ ಸನ್ನಿವೇಶಗಳನ್ನು ಬೇಕೆಂದೇ ಇಡು.

ಇಲ್ಲಿಂದ ಸಾಮಗ್ರಿ ಒಯ್ಯಿ, ಭಾರವೇನೂ ಆಗದು. ಕಲ್ಯಾಣ ಕರ್ನಾಟಕ ಸಾರಿಗೆ ಬಸ್ಸಿನ ಟಿಕೆಟ್, ಬಸ್ ಫಲಕದ ಫೋಟೊ, ಒಂದು ಲಗ್ನಪತ್ರಿಕೆ, ಖಾನಾವಳಿಯ ದರಪಟ್ಟಿ. ದರಪಟ್ಟಿಯಿಂದ ಎರಡು ಚೀಟಿ ಮಾಡು: ಒಂದರಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿಗೆ ದರವಿರಲಿ, ಇನ್ನೊಂದರಲ್ಲಿ ಬೇಡ. ಇಬ್ಬರಿಗೆ ಒಂದೊಂದು ಕೊಟ್ಟರೆ, ಒಬ್ಬರಿಗೆ ಕೇಳದೆ ಗತಿಯಿಲ್ಲ, ಇನ್ನೊಬ್ಬರು ಹೇಳದೆ ಬಿಡುವಂತಿಲ್ಲ. ರೈಲು ನಿಲ್ದಾಣದಿಂದ ಸೂಪರ್ ಮಾರ್ಕೆಟ್‌ಗೆ ಆಟೊ ಚೌಕಾಸಿಯಂತೂ ನನ್ನ ಗುಂಪಿನಲ್ಲಿ ಮೂರು ವಾರ ನಡೆಯಿತು. ಆಟೊದವನ ಪಾತ್ರಕ್ಕೆ ಜಗಳವೇ ಆಗುತ್ತಿತ್ತು.

ಕಾಗದಪತ್ರದ ಮಾತು ಚುಟುಕಾಗಿ. ಎಫ್-1 ಎಂಬ ವಿದ್ಯಾರ್ಥಿ ವೀಸಾದವರು ತರಗತಿಗಳು ನಡೆಯುವ ಅವಧಿಯಲ್ಲಿ ಕ್ಯಾಂಪಸ್ ಒಳಗೆ ವಾರಕ್ಕೆ 20 ಗಂಟೆಯವರೆಗೆ ಕೆಲಸ ಮಾಡಬಹುದು. ಬೇರೆ ಕೆಲಸವಿದ್ದರೆ ಅದರ ಗಂಟೆಗಳೂ ಇದರಲ್ಲಿಯೇ ಸೇರುತ್ತವೆ. ಸಹಿ ಹಾಕುವ ಮುನ್ನ ವಿದೇಶಿ ವಿದ್ಯಾರ್ಥಿಗಳ ಕಚೇರಿಯಲ್ಲಿ ಕೇಳಿಕೊ. ಅಲ್ಲಿ ಸಂಬಳದ ಲೆಕ್ಕಕ್ಕೆ ಬೇಕಾಗುವ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಗೆ ಕೆಲಸ ಸಿಕ್ಕ ಪತ್ರ ತೋರಿಸಿ ಅರ್ಜಿ ಹಾಕಬೇಕು. ಹೊರಗೆ ಯಾರದೋ ಮನೆಯಲ್ಲಿ ದುಡ್ಡಿಗೆ ಕನ್ನಡ ಹೇಳಿಕೊಡಲು ಹೋಗಬೇಡ, ವೀಸಾಕ್ಕೆ ಕುತ್ತು. ಸಿದ್ಧತೆಯ ಸಮಯಕ್ಕೂ ಸಂಬಳ ಉಂಟೇ ಎಂದು ಮೊದಲೇ ಕೇಳು. ನಾನು ಕೇಳಿರಲಿಲ್ಲ, ಒಂದು ಅವಧಿ ಪೂರ್ತಿ ಬಿಟ್ಟಿ ದುಡಿದೆ.

ಹೊರಡಲು ಇನ್ನೂ ಸಮಯವಿದೆ. ಆಳಂದ ರಸ್ತೆಯ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಹೊರರಾಜ್ಯದಿಂದ ಬಂದು ಕನ್ನಡ ಕಲಿಯಲು ಒದ್ದಾಡುವವರು ಸಿಗುತ್ತಾರೆ. ಒಬ್ಬರನ್ನು ಹಿಡಿದು ಹಿಂದಿಗೆ ಹೊರಳದೆ ಹದಿನೈದು ನಿಮಿಷ ನಿಭಾಯಿಸು, ಮೊಬೈಲ್‌ನಲ್ಲಿ ಧ್ವನಿಮುದ್ರಿಸಿಕೊ, ಆಮೇಲೆ ಯಾರು ಎಷ್ಟು ನಿಮಿಷ ಮಾತನಾಡಿದಿರಿ ಎಂದು ಎಣಿಸು. ಲೆಕ್ಕವನ್ನು ನನಗೆ ಬರೆ, ನನ್ನ ಹಳೆಯ ಆಟೊ ಚೀಟಿಗಳನ್ನು ಕಳುಹಿಸುತ್ತೇನೆ.